ಆ ಅಕ್ಕ ಉಂಡಾಳೇನು?

(ಬಾಗಲಕೋಟೆಯಲ್ಲಿ ಕತೆ ಬರೆಯುವ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನನ್ನ ಧಾರಾವಾಹಿಯ ಹದಿನಾಲ್ಕನೇ ಕಂತು ಬಂದ ದಿನ ಒಬ್ಬ ಓದುಗರು ಫೋನ್ ಮಾಡಿದರು. ವಯಸ್ಸಾದ ಹೆಣ್ಣುಮಗಳ ದನಿ. ಬೀಳಗಿ ಕಡೆಯವರು. ಮೊಮ್ಮಗಳು ಫೋನಿನಲ್ಲಿ ಓದಿ ಹೇಳುತ್ತಾಳಂತೆ, ಇವರು ಕಾಳು ಹಸನು ಮಾಡುತ್ತಾ ಕೇಳುತ್ತಾರಂತೆ. "ಕತಿ ಚಲೋ ಐತಿ ಯವ್ವಾ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ದೊಡ್ಡಾಕಿ ಅದಾಳಲ್ಲ, ಅಕ್ಕ. ಆಕಿ ಒಮ್ಮೆರ ಉಂಡಾಳೇನು?"

ನನಗೆ ಉತ್ತರ ಗೊತ್ತಿರಲಿಲ್ಲ. ಫೋನ್ ಇಟ್ಟು ಹದಿನಾಲ್ಕೂ ಕಂತು ತಿರುಗಿ ನೋಡಿದೆ. ತಂಗಿ ಉಂಡಿದ್ದಾಳೆ. ಅಪ್ಪ ಉಂಡಿದ್ದಾನೆ. ಬಂದ ದೂತ ಉಂಡಿದ್ದಾನೆ, ಅವನ ಕುದುರೆಗೂ ಹುಲ್ಲು ಹಾಕಿಸಿದ್ದೇನೆ. ಅಕ್ಕ ಎಲ್ಲರಿಗೂ ಬಡಿಸಿದ್ದಾಳೆ. ಅವಳು ಕೂತು ಒಂದು ತುತ್ತು ಬಾಯಿಗೆ ಹಾಕಿದ್ದು ಎಲ್ಲೂ ಇಲ್ಲ.

ನೀವೆಲ್ಲ ಬರೆಯುವ ಬಗೆಯ ಕತೆಯೇ ನಾನೂ ಬರೆಯುವುದು. ರಾಜರ ಕಾಲ, ಸ್ವಲ್ಪ ಮಾಯೆ, ಜಾಸ್ತಿ ಪ್ರೀತಿ. ಇಂಥ ಕತೆಗಳಲ್ಲಿ ನಾಯಕಿಗೆ ಒಬ್ಬ ಅಕ್ಕ ಇರುತ್ತಾಳೆ. ಒಳ್ಳೆಯವಳು. ತಂಗಿಯ ಗುಟ್ಟು ಕಾಯುತ್ತಾಳೆ, ಹಿತ್ತಲ ಬಾಗಿಲು ತೆಗೆಯುತ್ತಾಳೆ, "ಹೋಗು, ನಿನ್ನ ಪ್ರೀತಿ ಗೆಲ್ಲುತ್ತೆ" ಅನ್ನುತ್ತಾಳೆ. ಓದುವವರಿಗೆ ಅವಳು ಇಷ್ಟವಾಗುತ್ತಾಳೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಅವಳ ಹೆಸರು ನೆನಪಿರುವುದಿಲ್ಲ. ಆ ಅಜ್ಜಿಯ ಪ್ರಶ್ನೆಯಿಂದ ನನಗೆ ಕಾರಣ ತಿಳಿಯಿತು. ಅವಳಿಗೆ ಹಸಿವೇ ಇಲ್ಲ. ಹಸಿವಿಲ್ಲದವಳು ತನ್ನ ತುತ್ತು ಕೊಟ್ಟರೆ ಅದು ಕೊಟ್ಟ ಹಾಗೆ ಅಲ್ಲ. ಇವತ್ತು ನಾನು ಹೇಳಲು ಬಂದದ್ದು ಇಷ್ಟನ್ನೇ. ಅಕ್ಕನ ಬೆಂಬಲಕ್ಕೆ ಬೆಲೆ ಇರಬೇಕು, ಆ ಬೆಲೆಯನ್ನು ಅವಳೇ ತೆರಬೇಕು, ಅದು ಓದುಗರ ಕಣ್ಣಿಗೆ ಕಾಣಬೇಕು.

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ನಾನು ಪಿಯುಸಿ ಮುಗಿಸಿದ ವರ್ಷ. ಧಾರವಾಡಕ್ಕೆ ಹೋಗಿ ಓದಬೇಕು ಅಂತ ನನಗೆ ಆಸೆ. ಮನೆಯಲ್ಲಿ ನನ್ನ ಮದುವೆಯ ಮಾತು ಶುರುವಾಗಿತ್ತು. ಅಕ್ಕ ಪಂಚಮಿ ಹಬ್ಬಕ್ಕೆ ತವರಿಗೆ ಬಂದಿದ್ದಳು. ಹಬ್ಬ ಮುಗಿದು ನಾಲ್ಕು ದಿನವಾದರೂ ಹೋಗಲಿಲ್ಲ. "ಮೈಯಾಗ ಆರಾಮಿಲ್ಲ" ಅಂತ ಹೇಳಿ ಉಳಿದಳು. ಒಂದು ಸಂಜೆ ಹಿರಿಯರು ಪಡಸಾಲೆಯಲ್ಲಿ ಕೂತು ಮಾತಾಡುತ್ತಿದ್ದರು. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಡೆ ಮನೆಗಳಲ್ಲಿ ಆ ಸಪ್ಪಳ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇರುವಾಗ ಯಾರಿಗೂ ಕೇಳಿಸುವುದಿಲ್ಲ. ವರ ನೋಡಲು ಬರುವ ದಿನ ಗೊತ್ತು ಮಾಡುವ ಮಾತು ಬಂತು. ಆಗ ಆ ಸಪ್ಪಳ ನಿಂತಿತು.

ಪಡಸಾಲೆಯಲ್ಲಿ ಎಲ್ಲರೂ ಸುಮ್ಮನಾದರು. ಅಪ್ಪ ಅಲ್ಲಿಂದಲೇ ಕೂಗಿದರು, "ಯಾಕ, ರೊಟ್ಟಿ ಬಡಿಯೂದು ಯಾಕ ನಿಂತು?" ಅಕ್ಕ ಒಳಗಿನಿಂದಲೇ ಅಂದಳು, "ಹಿಟ್ಟ ತೀರೇತಪ್ಪಾ."

ಹಿಟ್ಟಿನ ಡಬ್ಬಿ ಅವಳ ಪಕ್ಕದಲ್ಲೇ ಇತ್ತು. ತುಂಬ ಇತ್ತು. ನಾನು ಒಲೆಯ ಮುಂದೆ ಕೂತು ನೋಡುತ್ತಿದ್ದೆ. ಅವಳ ಎರಡೂ ಕೈ ಹಿಟ್ಟಾಗಿತ್ತು. ಅರ್ಧ ಬಡಿದ ರೊಟ್ಟಿ ಹಾಗೇ ಇತ್ತು, ಹಂಚು ಕಾಯ್ದು ಹೊಗೆ ಏಳುತ್ತಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ಬಾಗಿಲ ಕಡೆ ಕಿವಿ ಕೊಟ್ಟು ಕೂತಿದ್ದಳು. ಹೊರಗೆ ಅಪ್ಪ ಸ್ವಲ್ಪ ಹೊತ್ತು ಬಿಟ್ಟು, "ನೋಡೂಣು, ಅವಸರ ಏನೈತಿ" ಅಂದರು. ಆಮೇಲೆ ಅಕ್ಕ ಆ ರೊಟ್ಟಿಯನ್ನು ಮತ್ತೆ ಬಡಿಯಲು ಶುರು ಮಾಡಿದಳು.

ನಾನು ಧಾರವಾಡಕ್ಕೆ ಹೋದೆ. ತಡವಾಗಿ ಹೋಗಿದ್ದಕ್ಕೆ ಗಂಡನ ಮನೆಯಲ್ಲಿ ಅವಳು ಎಷ್ಟು ಮಾತು ಕೇಳಿದ್ದಳು ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅದನ್ನೂ ಅವಳು ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು.

ಇದರಲ್ಲಿ ಏನಿದೆ ನೋಡಿ. ಅವಳು ನನಗೆ "ನಿನ್ನ ಕನಸಿನ ಹಿಂದೆ ಹೋಗು" ಅಂತ ಒಂದು ಮಾತೂ ಆಡಲಿಲ್ಲ. ನಮ್ಮ ಅಕ್ಕಂದಿರು ಹಾಗೆ ಮಾತಾಡುವುದೂ ಇಲ್ಲ ಅಲ್ವಾ? ಅವಳ ಕೈಯಲ್ಲಿ ಇದ್ದದ್ದು ಒಂದು ರೊಟ್ಟಿಯ ಸಪ್ಪಳ. ಅದನ್ನು ಯಾವಾಗ ನಿಲ್ಲಿಸಬೇಕು ಅಂತ ಅವಳಿಗೆ ಗೊತ್ತಿತ್ತು. ನೀವು ಅರಮನೆಯ ಅಕ್ಕನ ಬಗ್ಗೆ ಬರೆಯುವಾಗಲೂ ಇದನ್ನೇ ಹುಡುಕಿ. ಅವಳ ಕೈಯಲ್ಲಿ ನಿಜವಾಗಿ ಏನಿದೆ? ಉಗ್ರಾಣದ ಕೀಲಿಯೇ? ಯಾರು ಯಾವ ಹೊತ್ತಿಗೆ ಎಲ್ಲಿ ಮಲಗುತ್ತಾರೆ ಅನ್ನುವ ಲೆಕ್ಕವೇ? ಅದನ್ನು ಬಳಸಿದರೆ ಅವಳು ಯಾರಿಗೆ ಉತ್ತರ ಕೊಡಬೇಕಾಗುತ್ತದೆ?

ಇತಿಹಾಸದ ಕಡೆ ಬರುತ್ತೇನೆ. ಇಲ್ಲಿ ಕೂತವರಲ್ಲಿ ಪಟ್ಟದಕಲ್ಲು ನೋಡದವರು ಇರಲಿಕ್ಕಿಲ್ಲ. ಶಾಲೆಯ ಪ್ರವಾಸದಲ್ಲಾದರೂ ಹೋಗಿರುತ್ತೀರಿ. ವಿರೂಪಾಕ್ಷ ಗುಡಿ, ಅದರ ಮಗ್ಗುಲಿಗೇ ಮಲ್ಲಿಕಾರ್ಜುನ ಗುಡಿ. ಇವನ್ನು ಕಟ್ಟಿಸಿದವರು ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ಇಬ್ಬರು ರಾಣಿಯರು, ಲೋಕಮಹಾದೇವಿ ಮತ್ತು ತ್ರೈಲೋಕ್ಯಮಹಾದೇವಿ. ರಾಜ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ, ಸುಮಾರು 740ರ ಹೊತ್ತಿಗೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಇವರಿಬ್ಬರೂ ಹೈಹಯ ವಂಶದ ಒಡಹುಟ್ಟಿದ ಅಕ್ಕತಂಗಿಯರು ಅನ್ನುವುದನ್ನು ಎಷ್ಟು ಜನ ಗಮನಿಸಿದ್ದೀರಿ? ಲೋಕಮಹಾದೇವಿ ಅಕ್ಕ. ತ್ರೈಲೋಕ್ಯಮಹಾದೇವಿ ತಂಗಿ.

ಮುಂದಿನ ಸಲ ಹೋದಾಗ ಎರಡೂ ಗುಡಿ ಒಟ್ಟಿಗೆ ಕಾಣುವ ಕಡೆ ನಿಂತು ನೋಡಿ. ಅಕ್ಕನ ಗುಡಿ ದೊಡ್ಡದು. ತಂಗಿಯದು ಅದೇ ಅಚ್ಚಿನದು, ಸ್ವಲ್ಪ ಚಿಕ್ಕದು. ಅಕ್ಕನ ಲಂಗದ ಅಳತೆ ಇಟ್ಟು ತಂಗಿಗೆ ಹೊಲಿಸಿದ ಹಾಗೆ. ಒಬ್ಬನೇ ಗಂಡ, ಒಂದೇ ಗೆಲುವು, ಒಂದೇ ಊರು, ಎರಡು ಗುಡಿ. ತಂಗಿಯ ಮಗ ಇಮ್ಮಡಿ ಕೀರ್ತಿವರ್ಮ ಮುಂದೆ ರಾಜನಾದ. ಅವನ ಕಾಲದ, 754ರ ಕಂಬದ ಶಾಸನ ಇಬ್ಬರ ಹೆಸರನ್ನೂ ಇಬ್ಬರ ಗುಡಿಯನ್ನೂ ಹೇಳುತ್ತದೆ.

ಅಕ್ಕನ ಗುಡಿಯ ಬಗ್ಗೆ ಇನ್ನೂ ಎರಡು ಸಂಗತಿ ಶಾಸನಗಳಲ್ಲಿ ಇವೆ. ಒಂದು, ಕಟ್ಟಿದ ಸೂತ್ರಧಾರಿಯ ಹೆಸರು: ಗುಂಡ ಅನಿವಾರಿತಾಚಾರಿ. ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು. ಹಿಂದೆ ವಿಜಯಾದಿತ್ಯ ಹಾಡುವವರಿಗೆ ಕೊಟ್ಟಿದ್ದನ್ನು ಲೋಕಮಹಾದೇವಿ ಹಾಗೇ ನಡೆಯಲಿ ಅಂತ ಉಳಿಸಿಕೊಟ್ಟಳು. ಮಾವ ಕೊಟ್ಟದ್ದನ್ನು ಸೊಸೆ ಮುಂದುವರಿಸಿದಳು. ಕಂಚಿ ಗೆದ್ದ ಸಡಗರ, ಇಷ್ಟು ದೊಡ್ಡ ಕೆಲಸದ ಗದ್ದಲ. ಅದರ ನಡುವೆ ಹಾಡುವವರ ಊಟದ ದಾರಿ ತಪ್ಪಬಾರದು ಅಂತ ನೆನಪಿಟ್ಟುಕೊಂಡ ಹೆಣ್ಣುಮಗಳು ಅವಳು. ಆ ಸಾಲು ಓದಿದಾಗ ನನಗೆ ಅವಳು ರಾಣಿಯಾಗಿ ಅಲ್ಲ, ಮನೆಯ ಹಿರಿಮಗಳಾಗಿ ಕಂಡಳು.

ಒಬ್ಬ ರಾಜ, ಇಬ್ಬರು ರಾಣಿಯರು ಅಂದ ಕೂಡಲೇ ನಾವು ವಿಷದ ಬಟ್ಟಲು ತರುತ್ತೇವೆ. ಸವತಿ ಅಂದರೆ ಹಗೆ ಅಂತ ಮೊದಲೇ ತೀರ್ಮಾನ. ಆದರೆ ಅಕ್ಕನೇ ಸವತಿಯಾದರೆ? ತಂಗಿಯ ಮಗ ಪಟ್ಟಕ್ಕೆ ಬರುತ್ತಾನೆ ಅಂತ ಗೊತ್ತಾದ ದಿನ ಅಕ್ಕ ಏನು ಮಾಡಿರಬಹುದು? ಹಸುಗೂಸನ್ನು ಎತ್ತಿಕೊಂಡಿರಬಹುದು. ಎತ್ತಿಕೊಳ್ಳುವ ಮೊದಲು ಒಂದು ಗಳಿಗೆ ಬಾಗಿಲಲ್ಲೇ ನಿಂತಿರಬಹುದು. ಶಾಸನ ಅದನ್ನು ಹೇಳುವುದಿಲ್ಲ. ಅವಳು ಬಾಗಿಲಲ್ಲಿ ನಿಂತ ಆ ಒಂದು ಗಳಿಗೆಯೇ ನಮ್ಮ ಪಾಲಿನದು. ಎರಡು ಕಂತು ಅಲ್ಲೇ ಇದೆ.

ಸಭೆಯಲ್ಲಿ ಯಾರೋ ಚಾಂದ್ ಬೀಬಿ ಅಂದರು. ಹೌದು, ವಿಜಯಪುರದ ಗೆಳೆಯರು ಬಂದಿದ್ದೀರಿ, ಅವಳನ್ನು ಬಿಟ್ಟರೆ ಬೇಜಾರಾಗುತ್ತದೆ. ಗಂಡ ಅಲಿ ಆದಿಲ್ ಷಾ ತೀರಿಕೊಂಡ ಮೇಲೆ, 1580ರಲ್ಲಿ, ಇನ್ನೂ ಹುಡುಗನಾಗಿದ್ದ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡಳು. ಮುಂದೆ ತವರಾದ ಅಹಮದ್‌ನಗರಕ್ಕೆ ಹೋಗಿ ಅಕ್ಬರನ ಸೈನ್ಯದ ಎದುರು ಕೋಟೆ ಕಾದಳು. ದೊಡ್ಡ ಪಾತ್ರ ಅವಳು. ಆದರೆ ಅವಳದು ತಾಯಿಯ ಜಾಗ, ಅಕ್ಕನದಲ್ಲ. ಅವಳಿಗೆ ಬೇರೆ ಸಂಜೆಯೇ ಬೇಕು.

ಅಕ್ಕ ಅನ್ನುವ ಹೆಸರನ್ನೇ ಹೊತ್ತವಳು ಅಕ್ಕಾದೇವಿ. ಕಲ್ಯಾಣ ಚಾಲುಕ್ಯ ಜಯಸಿಂಹನ ಸೋದರಿ. ಇದೇ ನಮ್ಮ ನೆಲ, ಆಗ ಕಿಸುಕಾಡು ಎಪ್ಪತ್ತು ಅನ್ನುತ್ತಿದ್ದ ನಾಡು, ಅವಳ ಆಡಳಿತದಲ್ಲಿತ್ತು. 1047ರಲ್ಲಿ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದ್ದಳು. ಆಗ ಪಟ್ಟದಲ್ಲಿದ್ದವನು ಅವಳ ಸೋದರಳಿಯ, ಜಯಸಿಂಹನ ಮಗ ಸೋಮೇಶ್ವರ. ಗುಣದ ಬೆಡಂಗಿ ಅಂತ ಅವಳ ಬಿರುದು. ಎಷ್ಟು ಚೆಂದದ ಮಾತು ನೋಡಿ. ಅಕ್ಕ ಅಂದರೆ ಒಲೆಯ ಮುಂದೆಯೇ ಇರಬೇಕು ಅಂತ ನನ್ನ ಮಾತು ಕೇಳಿ ಯಾರೂ ಅಂದುಕೊಳ್ಳಬೇಡಿ. ದಂಡು ಕಟ್ಟಿಕೊಂಡು ಕೋಟೆಯ ಕೆಳಗೆ ಕೂತ ಅಕ್ಕನೂ ನಮ್ಮಲ್ಲೇ ಇದ್ದಾಳೆ.

ಇನ್ನು ಬಸವನ ಬಾಗೇವಾಡಿಯ ಅಕ್ಕ ನಾಗಮ್ಮ. ಉಪನಯನದ ಹೊತ್ತಿಗೆ ಹುಡುಗ ಬಸವಣ್ಣ, ಅಕ್ಕನಿಗೆ ಇಲ್ಲದ ಜನಿವಾರ ನನಗೂ ಬೇಡ ಅಂದ ಅಂತ ನಾವು ಚಿಕ್ಕಂದಿನಿಂದ ಕೇಳಿದ ಕತೆ. ಎಲ್ಲರೂ ತಮ್ಮನ ಮಾತಿನ ಬಗ್ಗೆ ಹೇಳುತ್ತಾರೆ. ನಾನು ಆ ಹೊತ್ತಿನ ಅಕ್ಕನ ಮುಖ ನೆನೆಸಿಕೊಳ್ಳುತ್ತೇನೆ. ಕಲ್ಯಾಣದ ಗಲಭೆ ಆದ ಮೇಲೆ ಶರಣರ ಜೊತೆ ಉಳವಿಯ ದಾರಿ ಹಿಡಿದವಳು ಅವಳು. ತಮ್ಮ ಹಿಡಿದ ದಾರಿಯ ಬೆಲೆಯನ್ನು ಕೊನೆಯವರೆಗೂ ತೆತ್ತವಳು.

ಇತಿಹಾಸ ಇಷ್ಟು ಸಾಕು. ಈಗ ನಮ್ಮ ನಂಟಿನ ಲೆಕ್ಕ. ಇದನ್ನು ಹೊರಗಿನ ಕತೆ ಓದಿ ಬರೆಯುವವರು ಮರೆಯುತ್ತಾರೆ. ಬೇರೆ ದೇಶದ ರಾಜಕುಮಾರಿಯರ ಕತೆಗಳನ್ನು ನೀವು ಫೋನಿನಲ್ಲಿ ರಾತ್ರಿಯಿಡೀ ಓದುತ್ತೀರಿ. ಓದಿ, ನಾನೂ ಓದುತ್ತೇನೆ. ಆದರೆ ಅಲ್ಲಿನ ಅಕ್ಕನನ್ನು ಹಾಗೇ ಎತ್ತಿ ತಂದು ಬಾದಾಮಿಯಲ್ಲಿ ಇಟ್ಟರೆ ಅವಳು ನಿಲ್ಲುವುದಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವ ರೂಢಿ ಇದೆ. ಹುಟ್ಟಿದಾಗಲೇ ತೊಟ್ಟಿಲ ಮುಂದೆ ಹೇಳಿಬಿಡುತ್ತಾರೆ, ಇಕಿ ಸೋದರಮಾವನಿಗೆ ಅಂತ. ಹಾಗಿರುವಾಗ ತಮ್ಮ ಬೇರೆ ಯಾರನ್ನೋ ಮೆಚ್ಚಿದ ಅಂದುಕೊಳ್ಳಿ. ಅಕ್ಕ ಅವನ ಬೆನ್ನಿಗೆ ನಿಂತಳು. ಅವಳು ಬಿಟ್ಟುಕೊಟ್ಟದ್ದು ಏನು? ತನ್ನ ಮಗಳ ಹಕ್ಕನ್ನೇ. ಮನೆಗೆ ಹೋಗಿ ಗಂಡನಿಗೆ ಏನು ಹೇಳುತ್ತಾಳೆ? ಹದಿನೈದು ವರ್ಷದ ಮಗಳ ಮುಖ ಹೇಗೆ ನೋಡುತ್ತಾಳೆ? ಯಾವ ಶಾಪವೂ ಯಾವ ಮಂತ್ರದ ಕತ್ತಿಯೂ ಬೇಡ, ಕತೆ ತಾನೇ ಬಿಗಿಯಾಗುತ್ತದೆ.

ತಂಗಿಯ ಪ್ರೀತಿಯಾದರೆ ಇನ್ನೊಂದು ಗಂಟು. ಅಕ್ಕನದು ಆಗದೆ ತಂಗಿಯದು ಹೇಗೆ ಅನ್ನುವ ಮಾತು. ಮದುವೆಯಾಗದ ಅಕ್ಕ ಮನೆಯಲ್ಲಿದ್ದಾಳೆ. ತಂಗಿಗೆ ದಾರಿ ಬಿಡಬೇಕು ಅಂದರೆ ಅವಳು ತನಗೆ ಒಲ್ಲದ ಗಂಡಿಗೆ ಹೂಂ ಅನ್ನಬೇಕು, ಇಲ್ಲ ನನಗೆ ಮದುವೆಯೇ ಬೇಡ ಅಂತ ಊರ ಮುಂದೆ ಹೇಳಬೇಕು. ಎರಡೂ ಸುಲಭ ಅಲ್ಲ. ನಾವು ಬರೆಯುವವರು ಇಲ್ಲಿ ಒಂದು ಕಳ್ಳದಾರಿ ಹಿಡಿಯುತ್ತೇವೆ. ನಾಯಕನಿಗೆ ಒಬ್ಬ ಸೇನಾಪತಿ ಗೆಳೆಯ ಇರುತ್ತಾನೆ. ಕೊನೆಯ ಕಂತಿನಲ್ಲಿ ಅಕ್ಕನಿಗೂ ಅವನಿಗೂ ಗಂಟು ಹಾಕಿಬಿಡುತ್ತೇವೆ, ಬಹುಮಾನ ಕೊಟ್ಟ ಹಾಗೆ. ಅದಕ್ಕಿಂತ ಕೆಟ್ಟದ್ದು, ಓದುಗರು ಅಳಲಿ ಅಂತ ಅವಳನ್ನು ನಡುವೆಯೇ ಕೊಲ್ಲುವುದು. ದಯವಿಟ್ಟು ಅಕ್ಕನನ್ನು ಕೊಲ್ಲಬೇಡಿ. ಸತ್ತವಳಿಗೆ ಬೆಲೆ ತೆರುವ ಕಷ್ಟ ಒಂದೇ ದಿನದ್ದು. ಬದುಕಿದವಳಿಗೆ ದಿನಾ ಇರುತ್ತದೆ.

ಮಾತಿನ ಬಗ್ಗೆ ಒಂದು ಸಣ್ಣ ವಿಷಯ. ತಂಗಿಯ ಬಾಯಲ್ಲಿ "ಸಹೋದರಿ" ಅಂತ ಬರೆಸಬೇಡಿ. ಯಾವ ಕಾಲದ ತಂಗಿಯೂ ಮನೆಯೊಳಗೆ ಹಾಗೆ ಕರೆದಿರಲಿಕ್ಕಿಲ್ಲ. ಅಕ್ಕಾ ಅನ್ನುವ ಎರಡು ಅಕ್ಷರದಲ್ಲಿ ಸಿಟ್ಟು, ಬೇಡಿಕೆ, ಅಳು ಎಲ್ಲ ಹಿಡಿಯುತ್ತದೆ. ಹಾಗೇ ಅಕ್ಕ ನಾಯಕನನ್ನು ಒಪ್ಪಿದಳು ಅಂತ ತೋರಿಸಲು ಉದ್ದದ ಮಾತು ಬೇಕಿಲ್ಲ. ಅಲ್ಲಿಯವರೆಗೂ ಅವನ ಜೊತೆ ನೇರ ಮಾತಾಡದವಳು, ಒಂದು ದಿನ ಅವನು ಹೊರಟು ನಿಂತಾಗ, "ಉಂಡು ಹೋಗು" ಅನ್ನಲಿ. ನಮ್ಮವರಿಗೆ ಅಷ್ಟು ಸಾಕು.

ಊಟದ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ನನ್ನ ಕತೆ ಎಂಟನೇ ಶತಮಾನದ್ದು. ಮೊದಲ ಸಲ ಬರೆದಾಗ ಅಕ್ಕನ ಕೈಯಲ್ಲಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿಸಿದ್ದೆ. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕದ ನೆಲದವು. ಪೋರ್ಚುಗೀಸರು ಬಂದ ಮೇಲೆ ನಮ್ಮ ಕಡೆ ಬಂದವು, ಅಂದರೆ ಚಾಲುಕ್ಯರು ಹೋಗಿ ಎಷ್ಟೋ ನೂರು ವರ್ಷದ ಮೇಲೆ. ತಪ್ಪು ತಿದ್ದಿಕೊಂಡೆ. ಎಳ್ಳು ಕುಟ್ಟಿಸಿದೆ, ಕರಿಮೆಣಸು ಹಾಕಿಸಿದೆ. ಕಲ್ಲಿನೊಳಗಿಂದ ಯಕ್ಷ ಎದ್ದು ಬರುವ ಕತೆಯಲ್ಲಿ ಇಷ್ಟು ಲೆಕ್ಕ ಯಾಕೆ ಅಂತ ಕೇಳಬಹುದು. ಓದುಗರು ಯಕ್ಷನನ್ನು ನಂಬುವುದು ಅಡುಗೆಮನೆಯನ್ನು ನಂಬಿದ ಮೇಲೆ. ಒಲೆ, ಹಂಚು, ನೀರಿನ ಗಡಿಗೆ ಸರಿಯಾಗಿದ್ದರೆ ಯಕ್ಷನೂ ಬಂದು ಒಲೆಯ ಪಕ್ಕ ಕೂರಬಹುದು.

ಆ ಫೋನ್ ಬಂದ ಮೇಲೆ ಮೂರು ತಿಂಗಳು ಧಾರಾವಾಹಿ ನಿಲ್ಲಿಸಿದೆ. ಮೊದಲಿನಿಂದ ಬರೆದೆ. ಏನು ಬದಲಾಯಿತು ಅಂತ ಹೇಳುತ್ತೇನೆ.

ಕತೆ ನಡೆಯುವುದು ಕಿಸುವೊಳಲಿನಲ್ಲಿ. ಪಟ್ಟದಕಲ್ಲಿಗೆ ಹಿಂದೆ ಇದ್ದ ಹೆಸರು ಅದು, ಕೆಂಪು ಮಣ್ಣಿನ ಊರು ಅಂತ. ಮಲಪ್ರಭೆ ಅಲ್ಲಿ ಉತ್ತರಕ್ಕೆ ಹರಿಯುತ್ತಾಳೆ. ರಾಣಿಯ ಗುಡಿಯ ಕೆಲಸ ನಡೆದಿದೆ. ಒಬ್ಬ ಕಲ್ಕುಟಿಗನಿಗೆ ಇಬ್ಬರು ಹೆಣ್ಣುಮಕ್ಕಳು, ಮಾಳಬ್ಬೆ ಮತ್ತು ಚಂದಬ್ಬೆ. ಕಿರಿಯಳು ಚಂದಬ್ಬೆ, ಗಣಿಯ ಬಂಡೆಯೊಂದರಲ್ಲಿ ಸಿಕ್ಕಿಬಿದ್ದ ಯಕ್ಷನನ್ನು ಪ್ರೀತಿಸುತ್ತಾಳೆ. ಅಮಾವಾಸ್ಯೆಯ ರಾತ್ರಿ ಮಾತ್ರ ಅವನು ಹೊರಗೆ ಬರಬಲ್ಲ. ಮೊದಲ ಬರಹದಲ್ಲಿ ಇಷ್ಟೇ ಇತ್ತು. ಅಕ್ಕ ಮಾಳಬ್ಬೆ ದೀಪ ಹಿಡಿದು ದಾರಿ ತೋರಿಸುತ್ತಿದ್ದಳು, ಮನೆಗೆ ಬಂದು ಬಡಿಸುತ್ತಿದ್ದಳು.

ಎರಡನೇ ಸಲ ಬರೆಯುವಾಗ ಮೊದಲು ಅವಳಿಗೆ ಒಂದು ಹಸಿವು ಕೊಟ್ಟೆ. ಮಾಳಬ್ಬೆಗೂ ಉಳಿ ಹಿಡಿಯಲು ಬರುತ್ತದೆ. ಅಪ್ಪನ ಕಣ್ಣು ಮಂಜಾದ ಮೇಲೆ ಅರ್ಧ ಕೆಲಸ ಅವಳದೇ. ಅಪ್ಪನ ಹೆಸರಲ್ಲಿ ನಡೆಯುತ್ತದೆ. ಅವಳಿಗೆ ಒಂದೇ ಆಸೆ. ಹೊಸ ಗುಡಿಯ ಒಂದು ಕಂಬದಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಾದರೂ ಸರಿ, ತನ್ನ ಕೈಯ ಒಂದು ಹಂಸ ಇರಬೇಕು.

ಆಮೇಲೆ ಮಾಯೆಗೆ ಒಂದು ಕಟ್ಟು ಹಾಕಿದೆ. ಯಕ್ಷ ಹೊರಗೆ ಬಂದರೆ ಬಂಡೆ ಖಾಲಿ ಇರಬಾರದು. ಕೋಳಿ ಕೂಗುವವರೆಗೆ ಯಾರಾದರೂ ಜೀವ ಇರುವವರು ಅದರ ಮೇಲೆ ಅಂಗೈ ಊರಿ ಕೂತಿರಬೇಕು. ಕಲ್ಲು ಆ ಕೈಯ ಬಿಸಿ ಹೀರುತ್ತದೆ. ಪ್ರತಿ ಅಮಾವಾಸ್ಯೆಗೂ ಸ್ವಲ್ಪ ಸ್ವಲ್ಪ ಬೆರಳು ಜಡವಾಗುತ್ತದೆ. ತಂಗಿ ಕೂರುವಂತಿಲ್ಲ, ಅವಳು ಕೂತರೆ ಅವನು ಬಂದು ಏನು ಮಾಡುತ್ತಾನೆ? ಮಾಳಬ್ಬೆ ಕೂರುತ್ತಾಳೆ. ಮೊದಲ ಸಲ ಎಡಗೈ ಇಟ್ಟಳು, ಉಳಿ ಹಿಡಿಯಲು ಎಡಗೈ ಬೇಕು ಅಂತ ಬೆಳಿಗ್ಗೆ ಗೊತ್ತಾಯಿತು. ಎರಡನೇ ಸಲ ಬಲಗೈ ಇಟ್ಟಳು, ಸುತ್ತಿಗೆ ಹಿಡಿಯುವುದು ಅದು. ತಂಗಿಗೆ ಹೇಳಲಿಲ್ಲ.

ಇಲ್ಲೇ ನಾನು ತುಂಬಾ ದಿನ ತಡೆದು ನಿಂತೆ. ಅವಳು ಯಾಕೆ ಹೇಳುವುದಿಲ್ಲ? ದೊಡ್ಡ ಮನಸ್ಸು ಅಂತ ಬರೆದರೆ ಮತ್ತೆ ಅದೇ ಹಸಿವಿಲ್ಲದ ಅಕ್ಕ ಆಗುತ್ತಾಳೆ. ನಮ್ಮ ಅಕ್ಕನ ಮುಖ ನೆನಪಿಗೆ ಬಂತು, ಬಾಗಿಲ ಕಡೆ ಕಿವಿ ಕೊಟ್ಟು ಕೂತ ಮುಖ. ಅದರಲ್ಲಿ ತ್ಯಾಗ ಇರಲಿಲ್ಲ. ಸಿಟ್ಟಿತ್ತು. ಇವಳ ಹಾಗೆ ನನಗೂ ಒಬ್ಬರು ರೊಟ್ಟಿ ನಿಲ್ಲಿಸಿದ್ದರೆ ಅನ್ನುವ ಸಿಟ್ಟು. ಅದನ್ನು ಮಾಳಬ್ಬೆಗೆ ಕೊಟ್ಟೆ. ಬಂಡೆಯ ಮೇಲೆ ಕೂತ ನಾಲ್ಕನೇ ರಾತ್ರಿ ಅವಳು ತಂಗಿಯನ್ನು ಬೈಯುತ್ತಾಳೆ. ಒಬ್ಬಳೇ ಕತ್ತಲಲ್ಲಿ, ಕೇಳಿಸುವಷ್ಟು ಜೋರಾಗಿ ಬೈಯುತ್ತಾಳೆ. ಕೈ ಮಾತ್ರ ತೆಗೆಯುವುದಿಲ್ಲ.

ಆ ರಾತ್ರಿ ಯಕ್ಷ ಬೇಗ ಹಿಂದಿರುಗಿದ. ಜೊತೆಗೆ ಚಂದಬ್ಬೆಯೂ ಬಂದಿದ್ದಳು. ಅಕ್ಕನ ಬೈಗುಳ ಎಲ್ಲ ಕೇಳಿಸಿಕೊಂಡು ಬಂಡೆಯ ಆಚೆ ನಿಂತಿದ್ದಳು. ಬೆಳಕು ಹರಿದ ಮೇಲೆ ಇಬ್ಬರೂ ಮಾತಿಲ್ಲದೆ ಮನೆಗೆ ನಡೆದರು. ಚಂದಬ್ಬೆ ಜೀವನದಲ್ಲಿ ಮೊದಲ ಸಲ ಒಲೆ ಹೊತ್ತಿಸಿದಳು. ರೊಟ್ಟಿ ದಪ್ಪ ಆಯಿತು, ಒಂದು ಕಡೆ ಕರಗಾಯಿತು. ಅಕ್ಕನ ಮುಂದೆ ಇಟ್ಟಳು. ಮಾಳಬ್ಬೆ ಮುರಿಯಲು ಹೋದಳು, ಬೆರಳು ಮಡಚಲಿಲ್ಲ. ತಂಗಿ ನೋಡಿದಳು. ತಾನೇ ಮುರಿದು, ಎಳ್ಳಿನ ಪುಡಿ ಹಚ್ಚಿ, ಅಕ್ಕನ ಬಾಯಿಗೆ ಇಟ್ಟಳು.

ಮಾಳಬ್ಬೆ ಅಗಿದು ನುಂಗಿದಳು. "ಉಪ್ಪು ಜಾಸ್ತಿ ಆಗಿದೆ" ಅಂದಳು. ಮತ್ತೆ ಬಾಯಿ ತೆರೆದಳು.

ಆ ಕಂತು ಬಂದ ದಿನ ಬೀಳಗಿಯ ಅಜ್ಜಿಗೆ ನಾನೇ ಫೋನ್ ಮಾಡಿದೆ.